ಚುನಾವಣಾ ಭದ್ರತಾ ಅನುದಾನ: ಅಮೆರಿಕದ ರಾಜ್ಯ ಕಾನೂನುಗಳು

ಅಮೆರಿಕದಲ್ಲಿ ಅಧ್ಯಕ್ಷೀಯ ಚುನಾವಣೆಯ ಮತದಾನವನ್ನೂ ನಡೆಸುವುದು ಕೌಂಟಿ, ನಗರ, ಟೌನ್‌ಶಿಪ್ ಕಚೇರಿಗಳು. ಭಾರತದ ಚುನಾವಣಾ ಆಯೋಗದಂತೆ ದೇಶಕ್ಕೆಲ್ಲ ಮತದಾನ ನಡೆಸಿಕೊಡುವ ಕೇಂದ್ರ ಸಂಸ್ಥೆ ಅಲ್ಲಿಲ್ಲ. ರಸ್ತೆ ರಿಪೇರಿಗೆ ಹಣ ಹೊಂದಿಸುವ ಬೊಕ್ಕಸವೇ ಮತಯಂತ್ರದ ಖರ್ಚನ್ನೂ ಹೊರಬೇಕಿತ್ತು.

2000ರಲ್ಲಿ ಫ್ಲಾರಿಡಾದ ಪಂಚ್ ಕಾರ್ಡ್ (ರಂಧ್ರ ಕೊರೆಯುವ ಮತಪತ್ರ) ಗೊಂದಲದ ನಡುವೆ 537 ಮತಗಳ ಅಂತರ ಅಧ್ಯಕ್ಷರನ್ನು ತೀರ್ಮಾನಿಸಿದ ಮೇಲೆ, 2002ರ ‘ಹೆಲ್ಪ್ ಅಮೆರಿಕ ವೋಟ್’ ಕಾಯ್ದೆ ರಾಜ್ಯಗಳಿಗೆ 300 ಕೋಟಿ ಡಾಲರ್‌ಗೂ ಹೆಚ್ಚು ನೆರವು ತಂದಿತು. ಆ ಹಣದಲ್ಲಿ ಹಲವೆಡೆ ಕಾಗದದ ದಾಖಲೆಯೇ ಇಲ್ಲದ ಯಂತ್ರಗಳನ್ನು ಕೊಂಡದ್ದು ದೂರದೃಷ್ಟಿಯ ಕೆಲಸವೇನಲ್ಲ.

2016ರಲ್ಲಿ ಇಲಿನಾಯ್ ರಾಜ್ಯದ ಮತದಾರರ ದತ್ತಸಂಚಯಕ್ಕೆ ಹ್ಯಾಕರ್‌ಗಳು ನುಗ್ಗಿದರು. 2018ರಲ್ಲಿ ಅಮೆರಿಕ ಕಾಂಗ್ರೆಸ್ ರಾಜ್ಯಗಳ ಚುನಾವಣಾ ಭದ್ರತೆಗೆಂದು 38 ಕೋಟಿ ಡಾಲರ್ ಮಂಜೂರು ಮಾಡಿತು. ರಾಜ್ಯಗಳು ಶೇ 5ರಷ್ಟು ಸೇರಿಸಬೇಕಿತ್ತು. ತನ್ನ ಪಾಲಿನ ಕನಿಷ್ಠ ಅರ್ಧವನ್ನು ‘ಸೈಬರ್ ನ್ಯಾವಿಗೇಟರ್’ ಯೋಜನೆಗೆ ಮೀಸಲಿಡಬೇಕೆಂದು ಇಲಿನಾಯ್ ಅದೇ ವರ್ಷ ಕಾನೂನು ಮಾಡಿತು. ಸಣ್ಣ ಕೌಂಟಿಯ ಗುಮಾಸ್ತರ ಕಚೇರಿ ತನ್ನದೇ ಸೈಬರ್ ತಜ್ಞರನ್ನು ನೇಮಿಸಿಕೊಳ್ಳಲಾರದು. ಆದ್ದರಿಂದ ತಜ್ಞರನ್ನೇ ಅಲ್ಲಿಗೆ ಕಳಿಸುವ ಈ ಏರ್ಪಾಡು ಬರೀ ಚೆಕ್ ಕೊಡುವುದಕ್ಕಿಂತ ಜಾಣತನದ್ದು.

ಪೆನ್ಸಿಲ್ವೇನಿಯದಲ್ಲಿ ಹಣ ಬಂದದ್ದು ರಾಜಕೀಯ ಕೊಡುಕೊಳ್ಳುವಿಕೆಯ ಹಾದಿಯಲ್ಲಿ. ಕಾಗದದ ದಾಖಲೆಯುಳ್ಳ ಯಂತ್ರ ಕೊಳ್ಳಿರೆಂದು 67 ಕೌಂಟಿಗಳಿಗೆ 2018ರಲ್ಲೇ ಆದೇಶವಾಗಿತ್ತು. ದುಡ್ಡಿನ ದಾರಿ ತೆರೆದದ್ದು 2019ರ ಅಕ್ಟೋಬರ್‌ನ 77ನೇ ಕಾಯ್ದೆ. ಅದು ಖರ್ಚಿನ ಶೇ 60ರಷ್ಟನ್ನು ಭರಿಸಲು 9 ಕೋಟಿ ಡಾಲರ್ ಸಾಲಪತ್ರಕ್ಕೆ ಅನುಮತಿ ಕೊಟ್ಟಿತು. ರಿಪಬ್ಲಿಕನ್ನರು ಬಯಸಿದಂತೆ ಒಂದೇ ಗುರುತಿನಿಂದ ಪಕ್ಷದ ಎಲ್ಲ ಅಭ್ಯರ್ಥಿಗಳಿಗೂ ಮತ ಹಾಕುವ ಸೌಲಭ್ಯ ರದ್ದಾಯಿತು. ಡೆಮಾಕ್ರಾಟ್ ಗವರ್ನರ್ ಟಾಮ್ ವುಲ್ಫ್ ಬಯಸಿದಂತೆ, ಕಾರಣ ಹೇಳದೆ ಅಂಚೆಮತ ಹಾಕುವ ಹಕ್ಕು ಬಂತು.

2020ರ ಕೋವಿಡ್ ಕಾಲದಲ್ಲಿ ಮಾರ್ಕ್ ಜುಕರ್‌ಬರ್ಗ್ ದಂಪತಿಯ ದೇಣಿಗೆ ಸ್ವಯಂಸೇವಾ ಸಂಸ್ಥೆಯೊಂದರ ಮೂಲಕ ಚುನಾವಣಾ ಕಚೇರಿಗಳಿಗೆ ಹರಿದು ವಿವಾದವೆದ್ದಿತು. ಹಲವು ರಾಜ್ಯಗಳು ಖಾಸಗಿ ಹಣವನ್ನು ನಿಷೇಧಿಸಿದರೂ ಬದಲಿ ಅನುದಾನ ಕೊಡಲಿಲ್ಲ. ಪೆನ್ಸಿಲ್ವೇನಿಯವಾದರೋ 2022ರ 88ನೇ ಕಾಯ್ದೆಯಲ್ಲಿ ಎರಡನ್ನೂ ಜೋಡಿಸಿತು: ಖಾಸಗಿ ಹಣಕ್ಕೆ ತಡೆ, ಕೌಂಟಿಗಳಿಗೆ ವರ್ಷಕ್ಕೆ 4.5 ಕೋಟಿ ಡಾಲರ್. ಅನುದಾನ ಪಡೆದ ಕೌಂಟಿ ಮತ ಎಣಿಕೆಯನ್ನು ನಡುವೆ ನಿಲ್ಲಿಸದೆ ಮುಗಿಸಬೇಕೆಂಬುದು ಷರತ್ತು.

ಇತ್ತ ಕೇಂದ್ರದ ನೆರವೂ ಕುಗ್ಗಿತು: 2025ರಲ್ಲಿ ಅಮೆರಿಕ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ, ಸ್ಥಳೀಯ ಕಚೇರಿಗಳಿಗೆ ಅಪಾಯದ ಮುನ್ಸೂಚನೆ ಒದಗಿಸುತ್ತಿದ್ದ ಮಾಹಿತಿ ಕೇಂದ್ರಕ್ಕೆ ನೆರವು ನಿಲ್ಲಿಸಿತು.