ಹಳ್ಳದಲ್ಲಿ ಸಿಕ್ಕ ಹಳದಿ ಕಲ್ಲು ಚಿನ್ನವೇ? ಆಸಿಡ್ ಹಾಕಿ ನೋಡಬೇಡಿ

‘ಹೊಲದಲ್ಲಿ, ಹಳ್ಳದಲ್ಲಿ ಇಂಥ ಕಲ್ಲು ಸಿಕ್ಕರೆ ಬಿಸಾಡಬೇಡಿ, ಅದು ಚಿನ್ನ. ಆಸಿಡ್ ಹಾಕಿ, ಕರಗದಿದ್ದರೆ ಅಸಲಿ’ ಎನ್ನುವ ಧಾಟಿಯ ವಿಡಿಯೊ ನಿಮಗೂ ಬಂದಿರಬಹುದು. ಜೊತೆಗೆ ಕೋಲಾರ, ಹಟ್ಟಿಯ ಹೆಸರಿದ್ದರೆ ನಂಬುವುದು ಇನ್ನೂ ಸುಲಭ. ನಮ್ಮ ನೆಲದಲ್ಲಿ ಚಿನ್ನ ಇರುವುದು ನಿಜ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಹಿಂದೆ ಮರಳು ತೊಳೆದು ಚಿನ್ನ ಹೆಕ್ಕುತ್ತಿದ್ದರು. ಆದರೆ ಥಳಥಳ ಹೊಳೆದು ಕಣ್ಣಿಗೆ ಬೀಳುವ ಕಲ್ಲು ಬಹುತೇಕ ಬೇರೆಯೇ ಆಗಿರುತ್ತದೆ.

ಹಾಗಾದರೆ ಅದೇನು?

ಹಾಳೆಹಾಳೆಯಾಗಿ ಏಳುವುದು, ಹಗುರಾಗಿರುವುದು ಅಭ್ರಕ. ನಮ್ಮ ಹಿರಿಯರು ಇದಕ್ಕೆ ‘ಕಾಗೆಬಂಗಾರ’ ಎಂದು ಸುಮ್ಮನೆ ಹೆಸರಿಟ್ಟಿಲ್ಲ! ಹಿತ್ತಾಳೆ ಬಣ್ಣದ, ಚೌಕದ ಮುಖಗಳಿರುವ ಭಾರದ ಕಲ್ಲು ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕದ ಖನಿಜ. ‘ಮೂರ್ಖರ ಚಿನ್ನ’ ಇದೇ. ಇದರಲ್ಲಿ ತಾಮ್ರವೂ ಸೇರಿದ್ದರೆ ಚಾಲ್ಕೊಪೈರೈಟ್. ಅದರ ಮೇಲೆ ಕೆಲವೊಮ್ಮೆ ನೀಲಿ, ನೇರಳೆ ಛಾಯೆ ಇರುತ್ತದೆ.

ಮನೆಯಲ್ಲೇ ನೋಡುವುದು ಹೇಗೆ?

ಸೂಜಿಯಿಂದ ಒತ್ತಿ. ಚಿನ್ನ ಮೆತ್ತಗಿನ ಲೋಹ, ತಗ್ಗು ಬೀಳುತ್ತದೆ, ಪುಡಿಯಾಗುವುದಿಲ್ಲ. ಪೈರೈಟ್ ಗಟ್ಟಿ, ಸೂಜಿ ಜಾರುತ್ತದೆ, ಜೋರಾಗಿ ಕುಟ್ಟಿದರೆ ಪುಡಿಯಾಗುತ್ತದೆ.

ಇನ್ನೊಂದು, ಅಕ್ಕಸಾಲಿಗರ ಒರೆಗಲ್ಲಿನಂಥದ್ದೇ ಉಪಾಯ. ಪಿಂಗಾಣಿ ಬಟ್ಟಲಿನ ತಳದಲ್ಲಿ ಹೊಳಪಿಲ್ಲದ ಬಿಳಿ ಅಂಚು ಇರುತ್ತದಲ್ಲ, ಅದರ ಮೇಲೆ ಉಜ್ಜಿ. ಚಿನ್ನದ ಗೀರು ಹಳದಿ. ಪೈರೈಟ್ ಮತ್ತು ಚಾಲ್ಕೊಪೈರೈಟ್‌ನ ಗೀರು ಹಸಿರುಮಿಶ್ರಿತ ಕಪ್ಪು. ನನ್ನ ಪ್ರಕಾರ ಇದೊಂದೇ ಮುಕ್ಕಾಲುಪಾಲು ಗೊಂದಲ ಬಗೆಹರಿಸುತ್ತದೆ.

ತೂಕದಿಂದಲೂ ತಿಳಿಯಬಹುದು. ಮೊದಲು ಕಲ್ಲನ್ನು ತೂಗಿ. ಆಮೇಲೆ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತನ್ನಿ. ಕಲ್ಲನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ನೀರಲ್ಲಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವ ಅಂಕಿಯಿಂದ ಕಲ್ಲಿನ ತೂಕವನ್ನು ಭಾಗಿಸಿ. 50 ಗ್ರಾಂ ಕಲ್ಲಿಗೆ 10 ಬಂದರೆ ಉತ್ತರ 5, ಅದು ಪೈರೈಟ್ ಇರಬಹುದು. ಶುದ್ಧ ಚಿನ್ನಕ್ಕೆ 19.3 ಬರಬೇಕು. ಬೆಣಚುಕಲ್ಲಿನೊಳಗೆ ಚಿನ್ನದ ಕಣ ಅಷ್ಟೇ ಇದ್ದರೆ ಈ ಲೆಕ್ಕ ಕೆಲಸಕ್ಕೆ ಬಾರದು.

ಆಸಿಡ್ ಯಾಕೆ ಬೇಡ?

ಮೊದಲನೆಯದಾಗಿ, ‘ಕರಗದಿದ್ದರೆ ಚಿನ್ನ’ ಎಂಬುದೇ ತಪ್ಪು. ಟಾಯ್ಲೆಟ್ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಪೈರೈಟ್ ಕೂಡ ಕರಗುವುದಿಲ್ಲ, ಬೆಣಚುಕಲ್ಲೂ ಕರಗುವುದಿಲ್ಲ. ನೈಟ್ರಿಕ್ ಆಸಿಡ್ ಹಾಕಿದರೆ ಪೈರೈಟ್ ಕರಗುತ್ತದೆ, ಆದರೆ ಕಂದು ಬಣ್ಣದ ವಿಷಾನಿಲ ಏಳುತ್ತದೆ. ಅದನ್ನು ಉಸಿರಾಡಿದವರು ಆಗ ಚೆನ್ನಾಗಿದ್ದಂತೆ ಕಂಡರೂ ಹಲವು ಗಂಟೆಗಳ ಬಳಿಕ ಶ್ವಾಸಕೋಶದಲ್ಲಿ ನೀರು ತುಂಬಿ ಜೀವಕ್ಕೇ ಅಪಾಯವಾಗಬಹುದು.

ಒಲೆಯಲ್ಲಿ ಕಾಯಿಸುವುದೂ ಬೇಡ. ಪೈರೈಟ್‌ನಿಂದ ಗಂಧಕದ ಉಸಿರುಗಟ್ಟಿಸುವ ಅನಿಲ ಬರುತ್ತದೆ. ಅದನ್ನೇ ಹೋಲುವ, ಸ್ವಲ್ಪ ಬಿಳಿಚಿದ ಆರ್ಸೆನೊಪೈರೈಟ್ ಆಗಿದ್ದರೆ ಹೊಗೆಯಲ್ಲಿ ಆರ್ಸೆನಿಕ್ ವಿಷವೇ ಇರುತ್ತದೆ. ಹಟ್ಟಿಯ ಅದಿರಿನಲ್ಲೂ ಈ ಖನಿಜ ಇದೆ.

ಹಾಗಂತ ಪೈರೈಟ್ ಸಿಕ್ಕಲ್ಲಿ ಚಿನ್ನ ಇರುವುದೇ ಇಲ್ಲ ಎಂದಲ್ಲ. ಎರಡೂ ಒಟ್ಟಿಗೇ ಇರುವ ಬಂಡೆಗಳಿವೆ, ಕೆಲವೊಮ್ಮೆ ಚಿನ್ನ ಕಣ್ಣಿಗೇ ಕಾಣದಷ್ಟು ಸೂಕ್ಷ್ಮವಾಗಿರುತ್ತದೆ. ಅದನ್ನು ಹೇಳಬೇಕಾದ್ದು ಪ್ರಯೋಗಾಲಯ. ಕಲ್ಲು ಸಿಕ್ಕ ಜಾಗ ಬರೆದಿಟ್ಟುಕೊಂಡು ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಚಿನ್ನವೇ ಎಂದಾದರೂ ಅಗೆದು ತೆಗೆಯಲು 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ಸರ್ಕಾರದ ಅನುಮತಿ ಬೇಕು, ಜಮೀನು ನಿಮ್ಮದೇ ಆಗಿದ್ದರೂ.