ಪೂರ್ಣಿಮಾಪರ್ವಗಳೂ ಋತುಸಂಧಿಗಳೂ

ಕನ್ನಡದ ‘ಹಬ್ಬ’ವೆಂಬ ಮಾತು ಸಂಸ್ಕೃತದ ಪರ್ವಶಬ್ದಕ್ಕೆ ತದ್ಭವವಾದುದು, ‘ಪಬ್ಬ’ವೆಂಬ ರೂಪವನ್ನು ದಾಟಿ ಈಗಿನ ರೂಪಕ್ಕೆ ಬಂದಿರುವುದು. ‘ಹುಣ್ಣಿಮೆ’ಯೂ ಹಾಗೆಯೇ ಪ್ರಾಕೃತದ ‘ಪುಣ್ಣಿಮಾ’ ಎಂಬುದರಿಂದ ಹುಟ್ಟಿ, ಹಳಗನ್ನಡದಲ್ಲಿ ‘ಪುಣ್ಣಮೆ’ಯಾಗಿದ್ದು, ಪಕಾರಕ್ಕೆ ಹಕಾರವು ಬಂದಮೇಲೆ ಹುಣ್ಣಿಮೆಯಾಯಿತು. ಪರ್ವವೆಂದರೆ ಮೊದಲಿಗೆ ಗಿಣ್ಣು, ಸಂದು. ಕಬ್ಬಿನ ಗಿಣ್ಣು, ಬಿದಿರಿನ ಗಿಣ್ಣು, ಬೆರಳಿನ ಸಂದು ಇವೆಲ್ಲವೂ ಪರ್ವಗಳೇ. ಕಾಲಕ್ಕೂ ಇಂತಹ ಸಂದುಗಳುಂಟೆಂದು ಕಂಡುಕೊಂಡ ಪೂರ್ವಿಕರು ಹುಣ್ಣಿಮೆ ಅಮಾವಾಸ್ಯೆಗಳಿಗೆ ಆ ಹೆಸರನ್ನಿಟ್ಟರು. ಉತ್ಸವ, ಸಂತೋಷ ಎಂಬ ಅರ್ಥಗಳು ಅನಂತರ ಬಂದುವು.

ಹುಣ್ಣಿಮೆಗಳ ಆಧ್ಯಾತ್ಮಿಕಾರ್ಥವನ್ನು ವಿವರಿಸುವವರು ಸಾಮಾನ್ಯವಾಗಿ ಬೆಳದಿಂಗಳಿನಿಂದ ಹೊರಡುವುದು ವಾಡಿಕೆ. ಚಂದ್ರನು ಮನಸ್ಸಿಗೆ ಅಧಿದೇವತೆಯೆಂದೂ, ಷೋಡಶಕಲೆಗಳು ತುಂಬಿದ ಚಂದ್ರನು ಜೀವನ ಪೂರ್ಣತೆಗೆ ಸಂಕೇತವೆಂದೂ ಹೇಳುವರು. ಈ ಭಾವನೆಗೆ ಆಧಾರವಿಲ್ಲವೆಂದು ಹೇಳಲಾಗದು; ಆದರೆ ಪ್ರಾಚೀನಗ್ರಂಥಗಳನ್ನು ವಿಚಾರಿಸಿದರೆ ಹುಣ್ಣಿಮೆಯ ಪಾವಿತ್ರ್ಯಕ್ಕೆ ಇದೇ ಮೂಲವೆಂದು ಒಪ್ಪುವುದು ಕಷ್ಟ. ಬೃಹದಾರಣ್ಯಕದಲ್ಲಿ ಸಂವತ್ಸರರೂಪನಾದ ಪ್ರಜಾಪತಿಗೆ ಹದಿನಾರು ಕಲೆಗಳನ್ನು ಹೇಳಿ, ಹದಿನೈದು ಕಲೆಗಳು ರಾತ್ರಿಗಳೆಂದೂ ಹದಿನಾರನೆಯದು ಧ್ರುವವೆಂದೂ ವಿವರಿಸಿರುವುದು ಸರಿ. ಆದರೆ ಆ ಧ್ರುವಕಲೆಯು ಸಮಸ್ತಪ್ರಾಣಿಗಳನ್ನೂ ಪ್ರವೇಶಿಸುವುದು ಅಮಾವಾಸ್ಯೆಯ ರಾತ್ರಿ. ಆದುದರಿಂದ ಆ ರಾತ್ರಿ ಓತಿಕ್ಯಾತವನ್ನು ಸಹ ಕೊಲ್ಲಬಾರದೆಂದು ಅಲ್ಲಿ ವಿಧಿ. ಹುಣ್ಣಿಮೆಯ ವಿಷಯಕ್ಕೆ ಈ ವಾಕ್ಯವನ್ನು ಉದಾಹರಿಸುವವರು ಮುಂದಿನ ಭಾಗವನ್ನು ಓದದೆ ಬಿಟ್ಟವರೆಂದು ತೋರುವುದು.

ಮೂಲವನ್ನು ಹುಡುಕುವುದಕ್ಕೆ ‘ಪೌರ್ಣಮಾಸೀ’ ಎಂಬ ಶಬ್ದವೇ ಉತ್ತಮವಾದ ದಾರಿ. ಮಾಸವು ಯಾವ ತಿಥಿಯಲ್ಲಿ ಪೂರ್ಣವಾಗುವುದೋ ಅದು ಪೌರ್ಣಮಾಸೀ. ‘ಮಾಸ್’ ಎಂಬುದಕ್ಕೆ ಚಂದ್ರನೆಂಬ ಅರ್ಥವೂ ಇರುವುದರಿಂದ ಪೂರ್ಣಚಂದ್ರನುಳ್ಳ ತಿಥಿಯೆಂದೂ ಹೇಳಬಹುದು. ಎರಡೂ ಅರ್ಥಗಳು ಪ್ರಾಚೀನರಿಗೆ ಬೇರೆಯಾಗಿ ತೋರಿರಲಾರವು. ಮಾಸಗಳ ಹೆಸರುಗಳಿಗೂ ಹುಣ್ಣಿಮೆಯೇ ಆಧಾರ. ಪಾಣಿನಿಯು ನಾಲ್ಕನೆಯ ಅಧ್ಯಾಯದ ಎರಡನೆಯ ಪಾದದಲ್ಲಿ, ಯಾವ ನಕ್ಷತ್ರದಿಂದ ಕೂಡಿದ ಪೌರ್ಣಮಾಸಿಯು ಯಾವ ಮಾಸದಲ್ಲಿರುವುದೋ ಆ ಮಾಸಕ್ಕೆ ಅದರಿಂದ ಹೆಸರು ಬರುವುದೆಂದು ವಿಧಿಸಿರುವನು. ಉತ್ತರದೇಶದಲ್ಲಿ ಈಗಲೂ ಮಾಸವು ಹುಣ್ಣಿಮೆಗೆ ಮುಗಿಯುವುದು. ಕರ್ಣಾಟಕದಲ್ಲಿ ಅಮಾಂತಮಾನವು ರೂಢಿಯಲ್ಲಿರುವುದರಿಂದ ಹುಣ್ಣಿಮೆಯು ಮಾಸದ ನಡುವೆ ಬೀಳುವುದು. ಹೀಗಾಗಿ ಅದು ಒಂದು ಕಾಲದಲ್ಲಿ ಕೊನೆಯಾಗಿತ್ತೆಂಬ ಅರಿವು ಇಲ್ಲಿನವರಿಗೆ ಮರೆಯಾಗಿರುವುದು. ಕರ್ಮಗಳಲ್ಲಿ ಮಾತ್ರ ಅದು ಉಳಿದಿದೆ.

ಋಗ್ವೇದದಲ್ಲಿಯೇ ಬರುವ ರಾಕಾ ಎಂಬ ದೇವತೆಯನ್ನೂ ಅನುಮತಿಯನ್ನೂ ಕುರಿತು ಯಾಸ್ಕನು ಎರಡು ಮತಗಳನ್ನು ಹೇಳುವನು. ನೈರುಕ್ತರ ಮತದಲ್ಲಿ ಇವರು ದೇವಪತ್ನಿಯರು. ಯಾಜ್ಞಿಕರ ಮತದಲ್ಲಿ ಇವು ಹುಣ್ಣಿಮೆಗಳು. ಪೂರ್ವದ ಪೌರ್ಣಮಾಸಿ ಅನುಮತಿಯೆಂದೂ ಉತ್ತರದ ಪೌರ್ಣಮಾಸಿ ರಾಕೆಯೆಂದೂ ಐತರೇಯಬ್ರಾಹ್ಮಣದ ವಿವೇಚನೆ. ಅಲ್ಲಿಯ ಚರ್ಚೆಯೆಲ್ಲ ಉಪವಾಸವು ಯಾವ ದಿನ ಎಂಬುದನ್ನು ಕುರಿತದ್ದು. 1612ರಲ್ಲಿ ನಿರ್ಣಯಸಿಂಧುವನ್ನು ಬರೆದ ಕಮಲಾಕರಭಟ್ಟನೂ ಪೂರ್ವವಿದ್ಧ ಪರವಿದ್ಧಗಳೆಂದು ಇದೇ ಬಗೆಯ ಪ್ರಶ್ನೆಯನ್ನು ಚರ್ಚಿಸುವನು. ಸಂದು ಎಲ್ಲಿ ಬೀಳುವುದೆಂಬುದು ತಿಳಿಯದೆ ಕರ್ಮವು ನಡೆಯುವಂತಿಲ್ಲ.

ಎಲ್ಲ ಹುಣ್ಣಿಮೆಗಳೂ ಸಮಾನವಾದ ಸಂದುಗಳಲ್ಲ. ದರ್ಶಪೂರ್ಣಮಾಸೇಷ್ಟಿಗಳು ಪ್ರತಿ ಪಕ್ಷದ ಸಂದಿನಲ್ಲಿಯೂ ನಡೆಯತಕ್ಕವು. ವರ್ಷವನ್ನು ಮೂರಾಗಿ ಕತ್ತರಿಸುವ ಹುಣ್ಣಿಮೆಗಳು ಬೇರೆ. ಅವುಗಳಲ್ಲಿ ನಡೆಯತಕ್ಕವು ಚಾತುರ್ಮಾಸ್ಯಯಾಗಗಳು. ಫಾಲ್ಗುನದ ಅಥವಾ ಚೈತ್ರದ ಹುಣ್ಣಿಮೆಯಲ್ಲಿ ವೈಶ್ವದೇವ, ಅಲ್ಲಿಂದ ನಾಲ್ಕು ತಿಂಗಳಿಗೆ ವರುಣಪ್ರಘಾಸ, ಮತ್ತೆ ನಾಲ್ಕು ತಿಂಗಳಿಗೆ ಸಾಕಮೇಧ. ಶುನಾಸೀರೀಯವೆಂಬ ನಾಲ್ಕನೆಯ ಪರ್ವವು ಇವುಗಳಿಗೆ ಸೇರಿಕೊಂಡದ್ದು. ಇವುಗಳನ್ನು ಪರ್ವಗಳೆಂದೇ ಯಾಜ್ಞಿಕರು ಕರೆಯುವರು. ಇವನ್ನೇಕೆ ಮಾಡಬೇಕೆಂಬುದಕ್ಕೆ ಕೌಷೀತಕಿಬ್ರಾಹ್ಮಣವು ಕೊಡುವ ಕಾರಣವು ಬಹಳ ಸ್ಪಷ್ಟವಾಗಿರುವುದು: ಇವು ಭೈಷಜ್ಯಯಜ್ಞಗಳು, ಋತುಗಳ ಸಂಧಿಯಲ್ಲಿ ವ್ಯಾಧಿಯು ಹುಟ್ಟುವುದು, ಆದುದರಿಂದ ಋತುಸಂಧಿಗಳಲ್ಲಿ ಇವುಗಳ ಪ್ರಯೋಗ. ಗೋಪಥಬ್ರಾಹ್ಮಣವೂ ಇದನ್ನೇ ಹೇಳುವುದು. ಬೆಳದಿಂಗಳ ಮಾತೇ ಇಲ್ಲಿಲ್ಲ.

ಶತಪಥಬ್ರಾಹ್ಮಣದಲ್ಲಿ ಈ ಮೂರಕ್ಕೂ ಒಂದು ಕಥೆಯ ಎಳೆಯುಂಟು. ವೈಶ್ವದೇವದಿಂದ ಪ್ರಜಾಪತಿಯು ಪ್ರಜೆಗಳನ್ನು ಸೃಷ್ಟಿಸಿದನು. ಆ ಪ್ರಜೆಗಳು ವರುಣನ ಯವಧಾನ್ಯವನ್ನು ತಿಂದುಬಿಟ್ಟುವು. ವರುಣನು ಅವುಗಳನ್ನು ಹಿಡಿದನು. ಪ್ರಜಾಪತಿಯು ವರುಣಪ್ರಘಾಸದಿಂದ ಅವುಗಳನ್ನು ಬಿಡಿಸಿದನು. ಸಾಕಮೇಧದಿಂದ ದೇವತೆಗಳು ವೃತ್ರನನ್ನು ಕೊಂದರು. ಹುಟ್ಟು, ಪಾಶ ಮತ್ತು ಪಾಶಮೋಚನ, ಜಯ ಎಂಬ ಮೂರು ಘಟ್ಟಗಳು ವಸಂತ ವರ್ಷಾ ಶರತ್ತುಗಳಿಗೆ ಹೀಗೆ ಹೊಂದಿಕೊಂಡಿರುವುವು. ಋತುವಿಗೊಂದು ಆಧ್ಯಾತ್ಮಿಕಾರ್ಥವನ್ನು ಈಚಿನವರು ಕಲ್ಪಿಸಬೇಕಾಗಿಲ್ಲ. ಬ್ರಾಹ್ಮಣಗ್ರಂಥವೇ ಅದನ್ನು ಕೊಟ್ಟಿರುವುದು.

ಇವುಗಳಲ್ಲಿ ವರುಣಪ್ರಘಾಸವು ವಿಶೇಷವಾಗಿ ವಿಚಾರಾರ್ಹವಾದುದು. ಮನೆಯಲ್ಲಿ ಎಷ್ಟು ಮಂದಿಯೋ ಅದಕ್ಕೆ ಒಂದು ಹೆಚ್ಚಾಗಿ ಯವದ ಹಿಟ್ಟಿನಿಂದ ಕರಂಭಪಾತ್ರಗಳನ್ನು ಮಾಡುವರು. ಒಂದು ಹೆಚ್ಚು ಏಕೆಂದರೆ, ಇನ್ನೂ ಹುಟ್ಟದ ಸಂತತಿಯನ್ನೂ ವರುಣಪಾಶದಿಂದ ಬಿಡಿಸುವುದಕ್ಕಾಗಿ. ಹಿಟ್ಟಿನಿಂದಲೇ ಒಂದು ಟಗರನ್ನೂ ಒಂದು ಕುರಿಯನ್ನೂ ಮಾಡುವರು. ಪ್ರತಿಪ್ರಸ್ಥಾತೃವು ಯಜಮಾನಪತ್ನಿಯನ್ನು ಕರೆದುಕೊಂಡು ಹೋಗುವ ಮೊದಲು, ಪತಿಯನ್ನುಳಿದು ಬೇರೆ ಯಾರೊಡನೆ ಸಂಬಂಧವುಂಟೆಂದು ಕೇಳುವನು. ಹೇಳಿಬಿಟ್ಟರೆ ಪಾಪವು ಕಡಮೆಯಾಗುವುದು, ಏಕೆಂದರೆ ಅದು ಸತ್ಯವಾಗುವುದು. ಹೇಳದಿದ್ದರೆ ಬಂಧುಗಳಿಗೆ ಅಹಿತ. ಅನಂತರ ಆಕೆಯು ಮೊರದಲ್ಲಿಟ್ಟ ಪಾತ್ರಗಳನ್ನು ತಲೆಯ ಮೇಲೆ ಹೊತ್ತು ದಕ್ಷಿಣಾಗ್ನಿಯಲ್ಲಿ ಹೋಮಮಾಡುವಳು. ಪ್ರಶ್ನೆಯು ಪತ್ನಿಗೆ ಮಾತ್ರ ಏಕೆ, ಯಜಮಾನನಿಗೆ ಏಕಿಲ್ಲವೆಂದು ಇಂದಿನ ಓದುಗರು ಕೇಳುವುದು ನ್ಯಾಯವೇ. ಬ್ರಾಹ್ಮಣವು ಅದಕ್ಕೆ ಉತ್ತರವನ್ನು ಕೊಡುವುದಿಲ್ಲ. ಆದರೂ ಮಳೆಗಾಲದ ಹೊಸ್ತಿಲಿನಲ್ಲಿ ಒಂದು ಮನೆಯು ಮುಚ್ಚಿಟ್ಟ ಅನೃತವನ್ನು ಬಾಯಿಬಿಟ್ಟು ಹೇಳಿ ಮುಂದಿನ ಋತುವಿಗೆ ಕಾಲಿಡಬೇಕೆಂಬ ಭಾವನೆಯು ಇಷ್ಟು ಹಿಂದೆಯೇ ಇದ್ದಿತೆಂಬುದು ಗಮನಿಸತಕ್ಕದ್ದು.

ಶ್ರೌತಕರ್ಮಗಳು ಕೆಲವರಿಗೆ ಮಾತ್ರ ಸಾಧ್ಯವಾದುವು. ಗೃಹ್ಯಸೂತ್ರಗಳಲ್ಲಿ ಸಾಮಾನ್ಯಗೃಹಸ್ಥನ ಹುಣ್ಣಿಮೆಗಳು ಕಾಣುವುವು. ಶ್ರಾವಣದ ಹುಣ್ಣಿಮೆಯಲ್ಲಿ ಸರ್ಪಬಲಿ ಆರಂಭವಾಗುವುದು. ಹಾವುಗಳ ಭಯದಿಂದ ಅಂದಿನಿಂದ ಎತ್ತರವಾದ ಹಾಸಿಗೆಯಲ್ಲಿ ಮಲಗುವರು. ಮಾರ್ಗಶೀರ್ಷದ ಹುಣ್ಣಿಮೆಯಾದ ಆಗ್ರಹಾಯಣಿಯಲ್ಲಿ ಪ್ರತ್ಯವರೋಹಣವೆಂಬ ಕರ್ಮವನ್ನು ಮಾಡಿ ಮತ್ತೆ ನೆಲದ ಹಾಸಿಗೆಗೆ ಇಳಿಯುವರು. ಮಂಚವನ್ನೇರಿ ಇಳಿಯುವಷ್ಟು ಸರಳವಾದ ಸಂಗತಿಗೂ ಮಂತ್ರವೂ ಹುಣ್ಣಿಮೆಯೂ ಬೇಕಾಗಿದ್ದುವು. ವೇದಾಧ್ಯಯನಕ್ಕೂ ಇಂತಹ ಮೇರೆಯುಂಟು: ಶ್ರಾವಣದಲ್ಲಾಗಲಿ ಭಾದ್ರಪದದಲ್ಲಾಗಲಿ ಉಪಾಕರ್ಮ, ನಾಲ್ಕೂವರೆ ತಿಂಗಳ ಅಧ್ಯಯನ, ಅನಂತರ ಉತ್ಸರ್ಜನವೆಂದು ಮನುವಿನ ವಿಧಿ. ಕನ್ನಡನಾಡಿನ ನೂಲಹುಣ್ಣಿಮೆಯಲ್ಲಿ ಈಗ ಯಜ್ಞೋಪವೀತವನ್ನು ಬದಲಾಯಿಸುವುದೇ ಮುಖ್ಯವಾಗಿ, ಅಧ್ಯಯನವನ್ನು ಆರಂಭಿಸುವುದೆಂಬ ಮೂಲಾರ್ಥವು ಹಿಂದೆ ಸರಿದಿರುವುದು.

ಕನ್ನಡದ ಹುಣ್ಣಿಮೆಗಳ ಹೆಸರುಗಳನ್ನು ನೋಡಿದರೆ ಪುರಾಣಕಥೆಗಿಂತ ಋತುವಿನ ಕೆಲಸವೂ ವಸ್ತುವೂ ಮುಂದೆ ಬರುವುವು. ಚೈತ್ರದ್ದು ದವನದ ಹುಣ್ಣಿಮೆ. ಜ್ಯೇಷ್ಠದ್ದು ಎತ್ತುಗಳಿಗೆ ಬಣ್ಣಹಚ್ಚಿ ಓಡಿಸುವ ಕಾರಹುಣ್ಣಿಮೆ. ಆಶ್ವಯುಜದ ಸೀಗಿಹುಣ್ಣಿಮೆಯನ್ನು ಮಲೆನಾಡಿನಲ್ಲಿ ಭೂಮಿಹುಣ್ಣಿಮೆಯೆಂದು ಕರೆದು, ಚಿತ್ರಬರೆದು ಸಿಂಗರಿಸಿದ ಬುಟ್ಟಿಯಲ್ಲಿ ಎಡೆಯನ್ನು ಹೊತ್ತು ಗದ್ದೆಗೆ ಹೋಗಿ, ತೆನೆಕಟ್ಟುವ ಪೈರನ್ನು ಹೊತ್ತ ಭೂಮಿಯನ್ನು ಬಸುರಿಯೆಂದು ಭಾವಿಸಿ ಬಯಕೆಯ ಊಟವನ್ನು ಬಡಿಸುವರು. ಮಾರ್ಗಶಿರದ್ದು ಹೊಸ್ತಿಲಹುಣ್ಣಿಮೆ, ಅಂದು ಮನೆಯ ಹೊಸ್ತಿಲಿಗೆ ಪೂಜೆ. ಆಗ್ರಹಾಯಣಿಯೆಂಬ ಶಬ್ದಕ್ಕೆ ವರ್ಷದ ಮೊದಲೆಂಬ ಅರ್ಥವಿರುವುದನ್ನು ನೆನೆದರೆ, ವರ್ಷದ ಹೊಸ್ತಿಲಿನಲ್ಲಿ ಮನೆಯ ಹೊಸ್ತಿಲನ್ನು ಪೂಜಿಸುವುದು ಹಳೆಯ ಸಂಪ್ರದಾಯದ ಉಳಿಕೆಯೆಂದು ಹೇಳಬೇಕೆಂಬ ಆಸೆಯಾಗುವುದು ಸಹಜ. ಎರಡನ್ನೂ ಕೂಡಿಸುವ ಗ್ರಂಥವಾಗಲಿ ಶಾಸನವಾಗಲಿ ದೊರೆಯುವವರೆಗೆ ಅದು ಊಹೆಯಾಗಿಯೇ ಇರತಕ್ಕದ್ದು.

ವೈದಿಕರಲ್ಲದವರೂ ಇದೇ ಸಂದುಗಳನ್ನು ಹಿಡಿದರೆಂಬುದು ಊಹೆಯಲ್ಲ. ಬೌದ್ಧರ ಮಹಾವಗ್ಗದಲ್ಲಿ, ಪಕ್ಷದ ಎಂಟು, ಹದಿನಾಲ್ಕು, ಹದಿನೈದನೆಯ ದಿನಗಳಲ್ಲಿ ಅನ್ಯಪಂಥದವರು ಸೇರಿ ಧರ್ಮವನ್ನು ಹೇಳುವುದನ್ನು ಕಂಡು, ಬೌದ್ಧಭಿಕ್ಷುಗಳೂ ಹಾಗೆ ಸೇರುವುದು ಒಳ್ಳೆಯದೆಂದು ಬಿಂಬಿಸಾರನು ಬುದ್ಧನಿಗೆ ಅರಿಕೆಮಾಡಿದನೆಂದಿದೆ. ಆಷಾಢಪೂರ್ಣಿಮೆಯ ಮಾರನೆಯ ದಿನ ವರ್ಷಾವಾಸವು ಮೊದಲಾಗುವುದು. ಮಳೆಗಾಲದಲ್ಲಿ ತಿರುಗುವ ಭಿಕ್ಷುಗಳು ಎಳೆಯ ಹುಲ್ಲನ್ನೂ ಸಣ್ಣ ಜೀವಗಳನ್ನೂ ತುಳಿಯುವರೆಂದು ಜನರು ಆಕ್ಷೇಪಿಸಿದುದೇ ಈ ನಿಯಮಕ್ಕೆ ಕಾರಣವಾಗಿ ಹೇಳಿರುವುದು. ಜೈನಮುನಿಗಳ ಚಾತುರ್ಮಾಸವೂ ಆಷಾಢದಿಂದ ಕಾರ್ತಿಕದವರೆಗೆ. ಇದಕ್ಕಿಂತಲೂ ಮುಖ್ಯವಾದ ಸಾಕ್ಷ್ಯವು ಜೈನರ ನಂದೀಶ್ವರಪರ್ವ. ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಎಂಟು ದಿನ ನಡೆಯುವ ಈ ಅಷ್ಟಾಹ್ನಿಕವು ವರ್ಷಕ್ಕೆ ಮೂರು ಸಲ ಬರುವುದು: ಆಷಾಢ, ಕಾರ್ತಿಕ, ಫಾಲ್ಗುನ. ಚಾತುರ್ಮಾಸ್ಯಯಾಗಗಳ ಮೂರು ಹುಣ್ಣಿಮೆಗಳೂ ಇವೇ. ಯಜ್ಞವನ್ನು ಒಪ್ಪದವರು ಯಜ್ಞದ ಕಾಲವನ್ನು ಒಪ್ಪಿದರೆಂದು ಹೇಳುವುದಕ್ಕಿಂತ, ಕಾಲದ ಈ ವಿಭಾಗವು ಯಾವ ಒಂದು ಮತದ ಸ್ವತ್ತೂ ಆಗಿರಲಿಲ್ಲವೆಂದು ಹೇಳುವುದು ಯುಕ್ತವಾಗಿ ತೋರುವುದು.

ಅಶೋಕನ ಶಾಸನಗಳೂ ಇದಕ್ಕೆ ಅನುಕೂಲವಾಗಿರುವುವು. ಪಟ್ಟಾಭಿಷೇಕವಾಗಿ 26 ವರ್ಷಗಳಾದಮೇಲೆ ಹೊರಡಿಸಿದ ಐದನೆಯ ಸ್ತಂಭಶಾಸನದಲ್ಲಿ, ಮೂರು ಚಾತುರ್ಮಾಸಿಗಳಲ್ಲಿಯೂ ತಿಷ್ಯದ ಹುಣ್ಣಿಮೆಯಲ್ಲಿಯೂ ಮೀನುಗಳನ್ನು ಕೊಲ್ಲಬಾರದು, ಮಾರಬಾರದು ಎಂದಿದೆ. ಚಾತುರ್ಮಾಸಿಯ ಪಕ್ಷದಲ್ಲಿ ಕುದುರೆ ಎತ್ತುಗಳಿಗೆ ಬರೆಹಾಕುವುದೂ ನಿಷಿದ್ಧ. ಧೌಲಿ ಜೌಗಡಗಳ ಪ್ರತ್ಯೇಕಶಾಸನಗಳನ್ನು ತಿಷ್ಯನಕ್ಷತ್ರದ ದಿನಗಳಲ್ಲಿ ಜನರಿಗೆ ಓದಿ ಕೇಳಿಸಬೇಕೆಂದು ಅವುಗಳಲ್ಲಿಯೇ ಆಜ್ಞೆಯುಂಟು. ಈ ಪ್ರತ್ಯೇಕಶಾಸನಗಳ ಪಾಠವು 20ನೆಯ ಶತಮಾನದ ಕೊನೆಯ ಭಾಗದಲ್ಲಿ ಕರ್ಣಾಟಕದ ಸನ್ನತಿಯಲ್ಲಿಯೂ, ಒಂದು ವಿಗ್ರಹಕ್ಕೆ ಪೀಠವಾಗಿ ಹಾಕಿದ್ದ ಕಲ್ಲಿನ ಮೇಲೆ ದೊರೆತಿರುವುದು.

ಕನ್ನಡನಾಡಿನಲ್ಲಿ ಕಾರ್ತಿಕಪೂರ್ಣಿಮೆಯ ಮಹತ್ವಕ್ಕೆ ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಮಂಗಲೇಶನ ಸಂಸ್ಕೃತಶಾಸನಕ್ಕಿಂತ ಒಳ್ಳೆಯ ಸಾಕ್ಷ್ಯವು ಬೇಕಾಗಿಲ್ಲ. ಶಕವರ್ಷ 500, ಎಂದರೆ ಕ್ರಿ.ಶ. 578, ಕೀರ್ತಿವರ್ಮನ ಆಳಿಕೆಯ ಹನ್ನೆರಡನೆಯ ವರ್ಷ, ತಿಥಿ ಮಹಾಕಾರ್ತಿಕಪೌರ್ಣಮಾಸಿ. ಅಂದು ಮಂಗಲೇಶನು ವಿಷ್ಣುಗೃಹದಲ್ಲಿ ಪ್ರತಿಷ್ಠೆಯನ್ನು ನಡೆಸಿ, ಪುಣ್ಯಫಲವನ್ನು ಅಣ್ಣನಿಗೆ ಧಾರೆಯೆರೆದು, ಒಂದು ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ಚಾಲುಕ್ಯಶಿಲ್ಪದ ಕಾಲನಿರ್ಣಯಕ್ಕೆ ಈ ತೇದಿಯು ಆಧಾರವಾದುದರಿಂದ ಚರಿತ್ರಕಾರರು ವರ್ಷವನ್ನು ಎಲ್ಲೆಡೆಯಲ್ಲಿಯೂ ಉದಾಹರಿಸುವರು; ತಿಥಿಯನ್ನು ವಿಚಾರಿಸುವವರು ಕಡಮೆ. ಆಷಾಢದಲ್ಲಿ ಶಯನಿಸಿದ ವಿಷ್ಣುವು ಕಾರ್ತಿಕಶುಕ್ಲಪಕ್ಷದಲ್ಲಿ ಏಳುವನು. ಎದ್ದ ಪಕ್ಷದ ಹುಣ್ಣಿಮೆಯಲ್ಲಿಯೇ ಆತನಿಗೆ ಮನೆಯಾಯಿತು. ದತ್ತಿಯಿಂದ ನಿತ್ಯವೂ ನಾರಾಯಣಬಲಿಯೂ ಹದಿನಾರು ಮಂದಿ ಬ್ರಾಹ್ಮಣರಿಗೆ ಸತ್ರವೂ ನಡೆದು, ಉಳಿದುದು ಪರಿವ್ರಾಜಕರ ಊಟಕ್ಕೆ ಸಲ್ಲಬೇಕೆಂದು ಶಾಸನವು ಹೇಳುವುದು. ಮಳೆಗಾಲದ ನಾಲ್ಕು ತಿಂಗಳು ಒಂದೆಡೆಯಲ್ಲಿ ನಿಂತಿದ್ದ ಸಂನ್ಯಾಸಿಗಳು ಮತ್ತೆ ದಾರಿಹಿಡಿಯುವ ಕಾಲದಲ್ಲಿ ಅವರ ಊಟಕ್ಕೆ ಏರ್ಪಾಡಾದುದು ಕೇವಲ ಆಕಸ್ಮಿಕವಾಗಿರಲಾರದು.

ಇನ್ನು ಒಂದು ತೊಡಕುಂಟು. ಕಾವ್ಯಗಳನ್ನು ಪಾಠಹೇಳುವವರಿಗೆ ಇದು ಮುಖ್ಯವಾದುದು. ಹುಣ್ಣಿಮೆಯು ಋತುಸಂಧಿಯಾದುದರಿಂದ ಪವಿತ್ರವೆಂದಮೇಲೆ ಸಂಧಿಯು ಅಲ್ಲಿಯೇ ಇರಬೇಕಷ್ಟೆ. ಅಯನಚಲನದಿಂದ ಅದು ಹಾಗೆ ನಿಂತಿಲ್ಲ. ಸುಮಾರು 72 ವರ್ಷಗಳಿಗೆ ಒಂದು ಭಾಗದಂತೆ ವಿಷುವವು ಹಿಂದಕ್ಕೆ ಸರಿಯುವುದು. ಪಂಚಾಂಗದ ವರ್ಷವು ನಕ್ಷತ್ರಗಳನ್ನು ಹಿಡಿದಿರುವುದರಿಂದ ಮಾಸಗಳು ಋತುಗಳಿಗಿಂತ ತಡವಾಗುತ್ತ ಬರುವುವು. ಹಿಂದಿನ ಶಾಸ್ತ್ರಗಳಲ್ಲಿ ಉತ್ತರಾಯಣವು ಧನಿಷ್ಠೆಯ ಆದಿಯಲ್ಲಿ ಹೇಳಿದ್ದರೂ ತನ್ನ ಕಾಲದಲ್ಲಿ ಅದು ಮಕರಾದಿಯಲ್ಲಿದೆಯೆಂದೂ, ಭೇದವನ್ನು ಪ್ರತ್ಯಕ್ಷದಿಂದ ಪರೀಕ್ಷಿಸಿಕೊಳ್ಳಬೇಕೆಂದೂ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಆರನೆಯ ಶತಮಾನದಲ್ಲಿಯೇ ಹೇಳಿರುವನು. ಮಂಗಲೇಶನ ಕಾಲಕ್ಕೂ ಈಗಿನ ಕಾಲಕ್ಕೂ ನಡುವೆ ಕಾರ್ತಿಕಪೂರ್ಣಿಮೆಯು ಋತುವಿನಲ್ಲಿ 20 ದಿನಗಳಿಗೂ ಮಿಕ್ಕು ಮುಂದೆ ಹೋಗಿದೆ. 2023ರಲ್ಲಿ ಅದು ನವೆಂಬರ್ 27ರಂದು ಬಿದ್ದಿತು. ಶರತ್ತಿನ ವರ್ಣನೆಯನ್ನು ಓದುವ ವಿದ್ಯಾರ್ಥಿಗೆ ಈಗಿನ ಕಾರ್ತಿಕದ ಚಳಿಯನ್ನು ತೋರಿಸಿ ಕವಿಯು ಹೇಳಿದುದು ಇದೇ ಎಂದರೆ ಕವಿಗೂ ವಿದ್ಯಾರ್ಥಿಗೂ ಅನ್ಯಾಯವಾಗುವುದು. ಕವಿಯು ಸಮಯಕ್ಕನುಸಾರವಾಗಿ ಬರೆದನೋ ಕಂಡುದನ್ನು ಬರೆದನೋ ಎಂಬುದನ್ನು ನಿಶ್ಚಯಿಸುವ ಮೊದಲು ಆತನ ಶತಮಾನದಲ್ಲಿ ಮಾಸವು ಎಲ್ಲಿದ್ದಿತೆಂದು ಲೆಕ್ಕಹಾಕಬೇಕು.

1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಪಂಚಾಂಗಸುಧಾರಣಸಮಿತಿಯು 1955ರ ತನ್ನ ವರದಿಯಲ್ಲಿ ಈ ದೋಷವನ್ನು ಎತ್ತಿ ತೋರಿಸಿತು. ಋತುಗಳನ್ನು ಬಿಡದ ಸಾಯನವರ್ಷದ ರಾಷ್ಟ್ರೀಯಪಂಚಾಂಗವು 1957ರ ಮಾರ್ಚ್ 22ರಿಂದ ಜಾರಿಗೆ ಬಂದಿತು. ವ್ರತಪರ್ವಗಳನ್ನು ನಡೆಸುವವರು ಮಾತ್ರ ಬಹುಮಟ್ಟಿಗೆ ನಿರಯನಮಾರ್ಗವನ್ನೇ ಹಿಡಿದಿರುವರು. ಆಷಾಢಪೂರ್ಣಿಮೆಯು ಈಗ ಜುಲೈ ತಿಂಗಳಲ್ಲಿ ಬೀಳುವುದು. ಯತಿಗಳು ವ್ಯಾಸಪೂಜೆಯನ್ನು ಮಾಡಿ ಮಳೆಗಾಲಕ್ಕಾಗಿ ಒಂದೆಡೆಯಲ್ಲಿ ನಿಲ್ಲುವ ಸಂಕಲ್ಪವನ್ನು ಕೈಗೊಳ್ಳುವ ಹೊತ್ತಿಗೆ ಕರ್ಣಾಟಕದ ಕರಾವಳಿಯಲ್ಲಿ ಮಳೆಯು ಹಿಡಿದು ತಿಂಗಳಾಗಿರುವುದು.