ಹರಿಹರೇಶ್ವರ ದೇವಾಲಯ, ಹರಿಹರ

ದಾವಣಗೆರೆಯ ಪಕ್ಕದ ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿರುವ ಹೊಯ್ಸಳರ ಕಾಲದ ಗುಡಿ. ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಇದನ್ನು 1223–24ರಲ್ಲಿ ಕಟ್ಟಿಸಿದ. ಮುಮ್ಮಡಿ ನರಸಿಂಹನ ದಂಡನಾಯಕ ಸೋಮ 1268ರಲ್ಲಿ ಇನ್ನಷ್ಟು ಸೇರಿಸಿದ. ಗರ್ಭಗುಡಿಯ ಮೂರ್ತಿಯಲ್ಲಿ ಬಲ ಅರ್ಧ ಶಿವ, ಎಡ ಅರ್ಧ ವಿಷ್ಣು. ಬೇಲೂರು, ಹಳೇಬೀಡು ನೋಡಿ ಬಂದವರಿಗೆ ಇಲ್ಲಿನ ಗೋಡೆ ಸಪ್ಪೆ ಎನಿಸುತ್ತದೆ: ಆನೆ, ಕುದುರೆಗಳ ಸಾಲಿಲ್ಲ, ಅರೆಗಂಬಗಳಷ್ಟೇ. ಹಾಗೆಂದು ಇದನ್ನು ಎರಡನೆಯ ದರ್ಜೆಯ ಹೊಯ್ಸಳ ಗುಡಿ ಎನ್ನುವುದು ಸರಿಯಲ್ಲ. ಹಣವೋ ಕುಶಲತೆಯೋ ಸಾಲದೆ ಗೋಡೆ ಬರಿದಾಯಿತು ಎನ್ನುವವರಿಗೆ ಸೋಮನೇ ಉತ್ತರ. ಸೋಮನಾಥಪುರದ ಕೇಶವ ದೇವಾಲಯದ ಗೋಡೆಯಲ್ಲಿ ಬೆರಳಗಲ ಜಾಗವನ್ನೂ ಖಾಲಿ ಬಿಡದೆ ಕೆತ್ತಿಸಿದವನು ಅವನೇ. ಇಲ್ಲಿ ಕೆಲಸ ಮಾಡಿಸಿಯೂ ಹಳೆಯ ಗೋಡೆಯನ್ನು ಹಾಗೇ ಬಿಟ್ಟ.

ಇಲ್ಲಿ ಕಟ್ಟಿದವರ ಗಮನವೆಲ್ಲ ಮಂಟಪದ ಮೇಲಿತ್ತು. ಮೂಲೆಮೂಲೆಯಾಗಿ ಹೊರಚಾಚಿದ ಚೌಕದ ತಳವಿನ್ಯಾಸ. ಸುತ್ತ ಗೋಡೆಯ ಬದಲು ಗಿಡ್ಡ ಕೈಪಿಡಿ ಗೋಡೆ, ಅದರ ಮೇಲೆ ಮೋಟುಗಂಬಗಳು. ನಡುವೆ ತಿರುಗಣೆಯಲ್ಲಿ ಕಡೆದ ನುಣುಪಾದ ಪೂರ್ಣ ಕಂಬಗಳು, ಮೇಲೆ ಕೆತ್ತನೆಯ ಛಾವಣಿ. ಹೋಲಿಕೆಗೆ ನೋಡಿ: ಈ ಗುಡಿ ಎದ್ದ ದಶಕದಲ್ಲೇ, 1220ರಲ್ಲಿ, ಫ್ರಾನ್ಸಿನ ಅಮಿಯೆನ್ಸ್‌ನಲ್ಲಿ ಗಾಥಿಕ್ ಕೆಥೆಡ್ರಲ್ ಶುರುವಾಯಿತು. ಅದರ ಕಮಾನು ಛಾವಣಿ ಸುಮಾರು 42 ಮೀಟರ್ ಎತ್ತರದ್ದು. ಕಮಾನು ಭಾರವನ್ನು ಪಕ್ಕಕ್ಕೂ ತಳ್ಳುವುದರಿಂದ ಹೊರಗಿನಿಂದ ಆಸರೆಗೋಡೆ ಕೊಡಲೇಬೇಕಾಯಿತು. ಹರಿಹರದಲ್ಲಿ ಕಲ್ಲಿನ ತೊಲೆ ಭಾರವನ್ನು ನೇರ ಕಂಬಕ್ಕೆ ಇಳಿಸುತ್ತದೆ. ಗೋಡೆಗೆ ಭಾರ ಹೊರುವ ಕೆಲಸವಿಲ್ಲದ್ದರಿಂದ ಮಂಟಪದ ಅಂಚನ್ನು ತೆರೆದೇ ಬಿಡಬಹುದು. ಬೆಳಕು ಅಡ್ಡವಾಗಿ ಒಳಬಂದು ಗರ್ಭಗುಡಿಯತ್ತ ಸಾಗಿದಂತೆ ಕುಗ್ಗುತ್ತದೆ. ಎತ್ತರ ಸಿಗಲಿಲ್ಲ ಎಂಬ ಆಕ್ಷೇಪ ನಿಜ. ತೊಲೆ ತುಂಬ ಉದ್ದವಾದರೆ ತನ್ನ ಭಾರಕ್ಕೇ ಬಿರಿಯುತ್ತದೆ, ಹಾಗಾಗಿ ಕಂಬಗಳು ಒತ್ತೊತ್ತಾಗಿ ಬರಬೇಕು. ಆ ಒತ್ತನ್ನೇ ಚೆಲುವಾಗಿಸಿದ್ದು ಇಲ್ಲಿನ ಶಿಲ್ಪಿಗಳ ಜಾಣ್ಮೆ.

ಇಂಥ ಮಂಟಪ ಹೊಯ್ಸಳರ ಸ್ವಂತದ್ದಲ್ಲ, ಕಲ್ಯಾಣ ಚಾಲುಕ್ಯರ ಕಾಲದಲ್ಲೇ ಇತ್ತು ಎನ್ನಬಹುದು. ಹೌದು, ಹರಪನಹಳ್ಳಿ ಬಳಿಯ ಬಾಗಳಿಯ ಕಲ್ಲೇಶ್ವರ ಗುಡಿಯ ಕಂಬಗಳ ಮಂಟಪವೇ ಸಾಕ್ಷಿ. ರಾಜಧಾನಿಯಿಂದ ದೂರದ ಈ ಸೀಮೆಯಲ್ಲಿ ದಂಡನಾಯಕರು ದೊರೆಯ ಊರಿನ ಶೈಲಿಯನ್ನು ಹೇರದೆ, ನೆಲದ ರೂಢಿಯನ್ನೇ ಮುಂದುವರಿಸಿದರು ಎಂದು ಓದುವುದೇ ನ್ಯಾಯ. ಇಂದಿನ ಹೊರನೋಟವನ್ನು ನಂಬಿ ತೀರ್ಪು ಕೊಡುವುದಕ್ಕೆ ಇನ್ನೊಂದು ತೊಡಕೂ ಇದೆ: ಮೂಲ ಶಿಖರ ಉಳಿದಿಲ್ಲ, ಈಗಿರುವುದು ಇಟ್ಟಿಗೆ ಗಾರೆಯದು, ಜೊತೆಗಿದ್ದ ಗುಡಿಗಳಲ್ಲಿ ಲಕ್ಷ್ಮಿಯದು ಉಳಿದಿದೆ, ಪಾರ್ವತಿಯದು ಅಳಿದಿದೆ.